ಎರಡು ಕಡಲು, ಎಂಟು ಗಾಳಿ

ಕನ್ನಡಿಗರಿಗೆ ಕಡಲೆಂದರೆ ಪಡುಗಡಲು. ಅದರ ಸಿಟ್ಟಿಗೂ ಒಂದು ಪಂಚಾಂಗವುಂಟು. ಮುಂಗಾರು ಹಿಡಿಯುವ ಹೊತ್ತಿಗೆ ಮೊರೆಯಲು ತೊಡಗಿ, ಆಷಾಢದಲ್ಲಿ ದಂಡೆಯ ತೆಂಗಿನ ಬುಡಗಳನ್ನು ಕೊರೆದು, ನೂಲಹುಣ್ಣಿಮೆಯ ವೇಳೆಗೆ ಮೀನುಗಾರರಿಂದ ಹಾಲು, ತೆಂಗಿನಕಾಯಿಗಳ ಪೂಜೆ ಪಡೆದು ತಣ್ಣಗಾಗುತ್ತದೆ. ಆಮೇಲೆ ಮುಂದಿನ ಮಳೆಗಾಲದ ತನಕ ಅದು ಮನೆಯಂಗಳವಿದ್ದ ಹಾಗೆ. ಚಂಡಮಾರುತವೆಂಬುದು ಮೂಡುಗಡಲಿನವರ ಪಾಡು. ಆಂಧ್ರ, ಒಡಿಶಾ, ಬಂಗಾಳಗಳಿಂದ ಬರುವ ಆ ಸುದ್ದಿಯನ್ನು ಓದಿ ‘ಅಯ್ಯೋ ಪಾಪ’ ಎಂದು, ಪರಿಹಾರ ನಿಧಿಗೆ ಕೈಲಾದಷ್ಟು ಕಳಿಸಿ, ಪುಟ ತಿರುಗಿಸುವುದು ನಮ್ಮ ರೂಢಿ.

2019ನೇ ಇಸವಿ ಈ ರೂಢಿಯನ್ನು ಅಲುಗಾಡಿಸಿದ ವರ್ಷ. ಭಾರತದ ಎರಡು ಬದಿಯ ಕಡಲುಗಳಲ್ಲಿ ಆ ವರ್ಷ ಎಂಟು ಚಂಡಮಾರುತಗಳು ಎದ್ದವು. ಎಂಟೆಂಬುದೇನೂ ಕೇಳರಿಯದ ಸಂಖ್ಯೆಯಲ್ಲ. ಬೆರಗಾಗಬೇಕಾದದ್ದು ಅವು ಎದ್ದ ಜಾಗಕ್ಕೆ. ಸಾಮಾನ್ಯವಾಗಿ ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಹುಟ್ಟಿದರೆ ಅರಬ್ಬಿ ಸಮುದ್ರದಲ್ಲಿ ಒಂದು ಹುಟ್ಟುತ್ತದೆ. ಆ ವರ್ಷ ಎಂಟರಲ್ಲಿ ಐದು ಅರಬ್ಬಿ ಸಮುದ್ರದವು. ಒಂದೇ ವರ್ಷದಲ್ಲಿ ನಮ್ಮ ಬದಿಯಲ್ಲಿ ಐದು ಚಂಡಮಾರುತ ಕಂಡದ್ದಕ್ಕೆ ಹವಾಮಾನ ಇಲಾಖೆಯ ಕಡತದಲ್ಲಿ ಇನ್ನೊಂದೇ ಉದಾಹರಣೆಯಿತ್ತು: 1902.

ಆ ಎಂಟು ಗಾಳಿಗಳ ಜಾಡು ಹಿಡಿದು ಜನವರಿಯಿಂದ ಡಿಸೆಂಬರ್‌ವರೆಗೆ ಕರಾವಳಿ ಸುತ್ತಿದರೆ ಪುರಿ, ಸೋಮನಾಥ, ಕಾರವಾರ, ಸುಂದರಬನ, ಒಮಾನ್, ಸೊಮಾಲಿಯಾ ಎಲ್ಲವೂ ಒಂದೇ ಕೇರಿಯ ಮನೆಗಳಂತೆ ಕಾಣುತ್ತವೆ. ಒಬ್ಬರ ಮನೆಯ ಕಥೆ ಇನ್ನೊಬ್ಬರಿಗೆ ಪಾಠವಾದೀತೆ ಎಂಬುದೇ ಪ್ರಶ್ನೆ.

ಹಾವಿನ ಸುರುಳಿ

ಚಂಡಮಾರುತಕ್ಕೆ ‘ಸೈಕ್ಲೋನ್’ ಎಂಬ ಹೆಸರು ಹುಟ್ಟಿದ್ದು ನಮ್ಮ ದೇಶದಲ್ಲೇ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ಆಂಗ್ಲ ಅಧಿಕಾರಿ ಹಡಗುಗಳ ದಿನಚರಿಗಳನ್ನು ಕಲೆಹಾಕಿ, ಈ ಬಿರುಗಾಳಿಗಳು ನೇರವಾಗಿ ಬೀಸದೆ ಸುತ್ತಿ ಸುತ್ತಿ ಬೀಸುತ್ತವೆಂದು ನಾವಿಕರಿಗೆ ತಿಳಿಸಿಕೊಟ್ಟ. 1848ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಸುತ್ತಿಕೊಂಡ ಹಾವನ್ನು ನೆನೆದು, ಗ್ರೀಕ್ ಪದವೊಂದರಿಂದ ಈ ಹೆಸರು ಕಟ್ಟಿದ.

ಸುರುಳಿ ಸುತ್ತಲು ಹಾವಿಗೆ ಮೇವು ಬೇಕು. ಆ ಮೇವು ಬಿಸಿನೀರು. ಕಡಲಿನ ಮೇಲ್ಮೈ ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದು, ಆ ಬಿಸಿ ಕೆಲವು ಹತ್ತು ಮೀಟರ್ ಆಳದವರೆಗೂ ಇಳಿದಿದ್ದರೆ ಅಲ್ಲಿಂದ ಏಳುವ ಆವಿ ಮೇಲೇರಿ ಮೋಡವಾಗುತ್ತದೆ. ಮೋಡವಾಗುವಾಗ ಬಿಟ್ಟುಕೊಟ್ಟ ಶಾಖ ಗಾಳಿಯನ್ನು ಇನ್ನಷ್ಟು ಮೇಲಕ್ಕೆಳೆಯುತ್ತದೆ. ಕೆಳಗೆ ವಾಯುಭಾರ ಕುಸಿದು, ಸುತ್ತಲ ಗಾಳಿ ಅತ್ತ ನುಗ್ಗುತ್ತದೆ. ಭೂಮಿಯ ತಿರುಗುವಿಕೆ ಅದಕ್ಕೆ ಸುತ್ತು ಕೊಡುತ್ತದೆ. ಗಾಳಿಯ ವೇಗ ಗಂಟೆಗೆ 62 ಕಿಲೊಮೀಟರ್ ಮುಟ್ಟಿತೆಂದರೆ ಮಗುವಿಗೆ ಹೆಸರಿಡುವ ಶಾಸ್ತ್ರ.

ಮುಂಗಾರು ಜೋರಾಗಿರುವಾಗ ಕೆಳಗಿನ ಗಾಳಿ ಒಂದು ದಿಕ್ಕಿಗೆ, ಮೇಲಿನ ಗಾಳಿ ಇನ್ನೊಂದು ದಿಕ್ಕಿಗೆ ಬೀಸುವುದರಿಂದ ಸುರುಳಿ ನೆಟ್ಟಗೆ ನಿಲ್ಲಲಾರದು. ಹಾಗಾಗಿ ನಮ್ಮ ಕಡಲುಗಳಲ್ಲಿ ಚಂಡಮಾರುತಕ್ಕೆ ಎರಡು ಸುಗ್ಗಿ: ಮಳೆಗಾಲಕ್ಕೆ ಮುಂಚೆ ಏಪ್ರಿಲ್‌ನಿಂದ ಜೂನ್, ಮಳೆಗಾಲದ ನಂತರ ಅಕ್ಟೋಬರ್‌ನಿಂದ ಡಿಸೆಂಬರ್.

2004ರಲ್ಲಿ ಈ ಕಡಲುಗಳ ಸುತ್ತಲಿನ ಎಂಟು ದೇಶಗಳು ತಲಾ ಎಂಟರಂತೆ 64 ಹೆಸರುಗಳ ಪಟ್ಟಿ ಮಾಡಿಕೊಂಡಿದ್ದವು. 2019ರ ಹೊತ್ತಿಗೆ ಪಟ್ಟಿ ಕೊನೆಯ ಸಾಲಿಗೆ ಬಂದಿತ್ತು: ಬಾಂಗ್ಲಾದೇಶದ ಫಣಿ, ಭಾರತದ ವಾಯು, ಮಾಲ್ದೀವ್ಸ್‌ನ ಹಿಕಾ, ಮ್ಯಾನ್ಮಾರ್‌ನ ಕ್ಯಾರ್, ಒಮಾನ್‌ನ ಮಹಾ, ಪಾಕಿಸ್ತಾನದ ಬುಲ್ಬುಲ್, ಶ್ರೀಲಂಕಾದ ಪವನ್, ಥಾಯ್ಲೆಂಡಿನ ಅಂಫಾನ್. ವರ್ಷ ಮುಗಿಯುವಾಗ ಅಂಫಾನ್ ಒಂದೇ ಉಳಿದಿತ್ತು. ವರ್ಷದ ಮೊದಲ ಚಂಡಮಾರುತ ಮಾತ್ರ ಈ ಪಟ್ಟಿಯದಲ್ಲ. ಪಾಬುಕ್ ಎಂಬ ಅದು ದಕ್ಷಿಣ ಚೀನಾ ಸಮುದ್ರದಲ್ಲಿ ಹುಟ್ಟಿ, ಜನವರಿ 4ರಂದು ಥಾಯ್ಲೆಂಡನ್ನು ದಾಟಿ, ಹಳೆಯ ಹೆಸರು ಹೊತ್ತುಕೊಂಡೇ ಅಂಡಮಾನ್ ಸಮುದ್ರಕ್ಕೆ ಬಂದು ಅಲ್ಲೇ ಕರಗಿತು.

ಪುರಿಯ ಬೆಳಗು

ಎರಡನೆಯದು ಫಣಿ. ಬಂಗಾಳಿಯಲ್ಲೂ ಅದು ನಮ್ಮ ಫಣಿಯೇ, ಹೆಡೆಯೆತ್ತಿದ ಹಾವು. ಏಪ್ರಿಲ್ ಕೊನೆಯ ವಾರ ಭೂಮಧ್ಯರೇಖೆಯ ಸಮೀಪ, ಸುಮಾತ್ರಾದ ಪಶ್ಚಿಮಕ್ಕೆ ಎದ್ದು, ಬಿಸಿನೀರಿನ ಮೇಲೆ ಒಂದು ವಾರ ತೆವಳಿ, ಮೇ 3ರ ಶುಕ್ರವಾರ ಬೆಳಗ್ಗೆ ಎಂಟರಿಂದ ಹತ್ತು ಗಂಟೆಯ ನಡುವೆ ಪುರಿಯ ಬಳಿ ದಡ ಹತ್ತಿತು. ಗಾಳಿಯ ವೇಗ ಗಂಟೆಗೆ 175 ಕಿಲೊಮೀಟರ್ ದಾಟಿತ್ತು.

ಪುರಿಗೆ ಹೋದವರು ಬಲ್ಲರು, ಆ ಊರಿನಲ್ಲಿ ಎರಡು ಸಮುದ್ರ. ಒಂದು ಬಡದಾಂಡ ಎಂಬ ತೇರುಬೀದಿಯಲ್ಲಿ ಜಗನ್ನಾಥನ ಗುಡಿಯತ್ತ ಉಕ್ಕುವ ಜನಸಾಗರ. ಇನ್ನೊಂದು ಸ್ವರ್ಗದ್ವಾರದ ಮುಂದೆ ದಿನವಿಡೀ ಎದ್ದು ಬೀಳುವ ನಿಜವಾದ ಸಾಗರ. ದಂಡೆಗುಂಟ ಉತ್ತರಕ್ಕೆ ನಡೆದರೆ ಪೆಂಟಕೋಟ ಎಂಬ ಮೀನುಗಾರರ ಕೇರಿ. ಆಂಧ್ರದಿಂದ ಬಂದು ನೆಲೆಸಿದ ಇಲ್ಲಿನವರ ಮನೆಮಾತು ಇಂದಿಗೂ ತೆಲುಗು. ಇವರನ್ನು ನೊಲಿಯಾಗಳೆನ್ನುತ್ತಾರೆ. ಯಾತ್ರಿಕರ ಕೈ ಹಿಡಿದು ಅಲೆಗೆ ಇಳಿಸುವ, ಚೂಪು ಟೋಪಿಯ ಈಜುಗಾರರೂ ಇವರೇ. ಗೂಡು ಗೂಡಾಗಿ ಒತ್ತಿಕೊಂಡ ಮನೆಗಳು ಮರಳಿನ ಮೇಲೇ ಇವೆ. ಅಲೆಗೂ ಹೊಸಿಲಿಗೂ ನಡುವೆ ಬಲೆ ಒಣಗಿಸುವಷ್ಟೇ ಜಾಗ.

ಆ ಶುಕ್ರವಾರ ಬೆಳಗ್ಗೆ ಇಂಥ ಕೇರಿಗಳು ಖಾಲಿಯಾಗಿದ್ದವು. ಹಿಂದಿನ ಒಂದೆರಡು ದಿನಗಳಲ್ಲಿ ಒಡಿಶಾ ಸರಕಾರ ಸುಮಾರು 12 ಲಕ್ಷ ಜನರನ್ನು ದಂಡೆಯಿಂದ ಎಬ್ಬಿಸಿ ಶಾಲೆ, ಕಾಲೇಜು, ಆಶ್ರಯಧಾಮಗಳಿಗೆ ಸಾಗಿಸಿತ್ತು. ಮೊಬೈಲ್‌ಗಳಿಗೆ ಎರಡೂವರೆ ಕೋಟಿಗೂ ಹೆಚ್ಚು ಸಂದೇಶ ಹೋಗಿದ್ದವು. ಕರಾವಳಿಯ ಗೋಪುರಗಳಿಂದ ಸೈರನ್ ಕೂಗಿತ್ತು. ಸ್ವಯಂಸೇವಕರು ಮನೆಮನೆಗೆ ಹೋಗಿ ಮುದುಕರನ್ನೂ ಬಸುರಿಯರನ್ನೂ ಮೊದಲು ಹೊರಡಿಸಿದ್ದರು. ಆಶ್ರಯಧಾಮದಲ್ಲಿ ಬಿಸಿ ಅನ್ನ. ಅದು ತಲುಪದ ಕಡೆ ಚೂಡಾ ಮತ್ತು ಗುಡ, ಅಂದರೆ ನಮ್ಮ ಅವಲಕ್ಕಿ-ಬೆಲ್ಲ.

ಫಣಿ ಒಡಿಶಾದಲ್ಲಿ ತೆಗೆದುಕೊಂಡ ಜೀವ 64. ಒಂದೊಂದು ಜೀವವೂ ದೊಡ್ಡದೇ. ಆದರೂ ಈ ಸಂಖ್ಯೆಯ ಅರ್ಥ ತಿಳಿಯಬೇಕಾದರೆ ಇದೇ ದಂಡೆಯಲ್ಲಿ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

1999ರ ಅಕ್ಟೋಬರ್ 17ರ ರಾತ್ರಿ ಗಂಜಾಂ ಜಿಲ್ಲೆಯ ಗೋಪಾಲಪುರದ ಕಡೆ ಒಂದು ಚಂಡಮಾರುತ ಹಾಯ್ದಿತ್ತು. ಅದರ ಗಾಯ ಮಾಯುವ ಮೊದಲೇ, ಹನ್ನೆರಡನೆಯ ದಿನ, ಪಾರಾದೀಪದ ದಕ್ಷಿಣಕ್ಕೆ ಮಹಾ ಚಂಡಮಾರುತ ಅಪ್ಪಳಿಸಿತು. ಆಗ ಹೆಸರಿಡುವ ಪದ್ಧತಿ ಇರಲಿಲ್ಲ. ಒಡಿಶಾದವರು ಇಂದಿಗೂ ಅದನ್ನು ಕರೆಯುವುದು ‘ಮಹಾಬಾತ್ಯಾ’ ಎಂದೇ. ಗಂಟೆಗೆ 260 ಕಿಲೊಮೀಟರ್ ಗಾಳಿ. ಕಡಲು ಐದಾರು ಮೀಟರ್ ಎತ್ತರ ಎದ್ದು ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮ ಸೀಮೆಯ ಹಳ್ಳಿಗಳ ಮೇಲೆ ನಡೆದುಹೋಯಿತು. ದಡ ಹತ್ತಿದ ಮೇಲೂ ಚಂಡಮಾರುತ ಮುಂದೆ ಸಾಗದೆ ಅಲ್ಲೇ ಕೂತು ಮಳೆ ಸುರಿಸಿತು. ಸರಕಾರಿ ಲೆಕ್ಕದಲ್ಲೇ ಸತ್ತವರು ಹತ್ತು ಸಾವಿರದ ಹತ್ತಿರ. ಅವರಲ್ಲಿ ಎಂಟು ಸಾವಿರದಷ್ಟು ಜನ ಜಗತ್‌ಸಿಂಗ್‌ಪುರ ಒಂದೇ ಜಿಲ್ಲೆಯವರು. ಮುನ್ಸೂಚನೆ ಇರಲಿಲ್ಲವೆಂದಲ್ಲ, ಇತ್ತು. ಅದು ದಂಡೆಯ ಗುಡಿಸಲಿಗೆ ತಲುಪುವ ದಾರಿ, ತಲುಪಿದರೂ ಓಡಿಹೋಗಿ ನಿಲ್ಲಲು ಒಂದು ಗಟ್ಟಿ ಕಟ್ಟಡ ಇರಲಿಲ್ಲ. ಇಡೀ ಕರಾವಳಿಗೆ ರೆಡ್‌ಕ್ರಾಸ್ ಕಟ್ಟಿಸಿದ ಎರಡು ಡಜನ್‌ಗೂ ಕಡಿಮೆ ಆಶ್ರಯಧಾಮಗಳಿದ್ದವು. ಅವುಗಳೊಳಗೆ ಸೇರಿಕೊಂಡವರು ಬದುಕಿದರು.

ಆ ವರ್ಷದ ಡಿಸೆಂಬರ್‌ನಲ್ಲೇ ಒಡಿಶಾ ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರ ಸ್ಥಾಪಿಸಿತು. ಆ ಬಗೆಯ ಸಂಸ್ಥೆ ಕಟ್ಟಿದವರಲ್ಲಿ ದೇಶಕ್ಕೇ ಮೊದಲಿಗರು ಅವರು. ಎರಡು ದಶಕಗಳಲ್ಲಿ ದಂಡೆಗುಂಟ ಎಂಟುನೂರಕ್ಕೂ ಹೆಚ್ಚು ಆಶ್ರಯಧಾಮಗಳೆದ್ದವು. ಕಂಬಗಳ ಮೇಲೆ ನಿಂತ, ಕೆಳಗೆ ನೀರು ಹರಿದುಹೋಗಲು ಎಡೆಯಿರುವ ಕಟ್ಟಡಗಳವು. ಉಳಿದ ದಿನ ಅಲ್ಲಿ ಶಾಲೆ ನಡೆಯುತ್ತದೆ. ಹೀಗಾಗಿ ಕೀಲಿಕೈ ಯಾರ ಬಳಿ ಇದೆಯೆಂದು ಊರಿಗೆಲ್ಲ ಗೊತ್ತು. 2013ರ ಅಕ್ಟೋಬರ್ 12ರಂದು ಫೈಲಿನ್ ಗೋಪಾಲಪುರಕ್ಕೆ ಬಡಿದಾಗ ಈ ವ್ಯವಸ್ಥೆಯ ಮೊದಲ ದೊಡ್ಡ ಪರೀಕ್ಷೆಯಾಯಿತು. ಹತ್ತು ಲಕ್ಷ ಜನರನ್ನು ಎಬ್ಬಿಸಿದ್ದರು; ಸತ್ತವರ ಸಂಖ್ಯೆ ಎರಡಂಕಿ ದಾಟಲಿಲ್ಲ. ಫಣಿಗೆ ಮೊದಲೇ ಒಡಿಶಾ ಪಾಠ ಓದಿ ಮುಗಿಸಿತ್ತು.

ಆದರೆ ಜೀವ ಉಳಿದ ಮಾತ್ರಕ್ಕೆ ಬದುಕು ಉಳಿಯಿತೆನ್ನಲಾಗದು. ಪುರಿಯಿಂದ ಕೊಣಾರ್ಕಕ್ಕೆ ಕಡಲ ಮಗ್ಗುಲಲ್ಲೇ ಹೋಗುವ ರಸ್ತೆಯ ಚೆಲುವೆಲ್ಲ ಬಾಲುಖಂಡದ ಗಾಳಿಮರಗಳ ನೆರಳಿನಲ್ಲಿತ್ತು. ಫಣಿಯ ನಂತರ ಆ ದಾರಿಯಲ್ಲಿ ಹೋದವರಿಗೆ ಕಂಡದ್ದು ಸೊಂಟದೆತ್ತರಕ್ಕೆ ಮುರಿದು ಒಂದೇ ದಿಕ್ಕಿಗೆ ಬಾಗಿ ಬಿದ್ದ ಸಾಲು ಸಾಲು ಮರ. ಲಕ್ಷಕ್ಕೂ ಮಿಕ್ಕಿ ವಿದ್ಯುತ್ ಕಂಬಗಳು ಉರುಳಿ, ಪುರಿಯಲ್ಲಿ ಮೇ ತಿಂಗಳ ಸೆಕೆಯನ್ನು ಜನ ವಾರಗಟ್ಟಲೆ ಕತ್ತಲಲ್ಲೇ ಕಳೆದರು. ಪಟಚಿತ್ರಕ್ಕೆ ಹೆಸರಾದ ರಘುರಾಜಪುರದಲ್ಲಿ ಕಲಾವಿದರು ತಿಂಗಳುಗಟ್ಟಲೆ ಕೂತು ಬರೆದ ಚಿತ್ರಗಳು ನೀರುಪಾಲಾದವು. ತೆಂಗು ನೆಟ್ಟವನು ಮತ್ತೆ ಫಸಲು ನೋಡಲು ಐದಾರು ವರ್ಷ ಕಾಯಬೇಕು. ಜುಲೈ 4ರಂದು ರಥಯಾತ್ರೆ ಎಂದಿನಂತೆ ನಡೆಯಿತು. ನೂಕುನುಗ್ಗಲೂ ಎಂದಿನಂತೆಯೇ ಇತ್ತು. ಬೀದಿಯ ಆಚೆ ಮನೆಗಳ ಮಾಡಿನ ಮೇಲೆ ಇನ್ನೂ ಪ್ಲಾಸ್ಟಿಕ್ ಹಾಳೆಗಳಿದ್ದವು.

ತಿರುಗಿ ಹೋದ ವಾಯು

ಜೂನ್‌ನಲ್ಲಿ ಸರದಿ ನಮ್ಮ ಕಡಲಿನದು. ಮುಂಗಾರು ಆ ವರ್ಷ ಒಂದು ವಾರ ತಡವಾಗಿ, 8ನೇ ತಾರೀಕು ಕೇರಳ ಮುಟ್ಟಿತ್ತು. ಅದರ ಬೆನ್ನಿಗೇ ಲಕ್ಷದ್ವೀಪದ ಬಳಿ ಎದ್ದ ವಾಯು, ಕರ್ನಾಟಕದ ದಂಡೆಯನ್ನು ದೂರದಿಂದಲೇ ಕೆಣಕುತ್ತ ಉತ್ತರಕ್ಕೆ ಸಾಗಿ ಗುಜರಾತಿಗೆ ಗುರಿಯಿಟ್ಟಿತು. 13ರಂದು ವೆರಾವಳ, ದೀವ್ ನಡುವೆ ಅದು ಅಪ್ಪಳಿಸಬೇಕಿತ್ತು. ಸೋಮನಾಥದಿಂದ ದ್ವಾರಕೆಯವರೆಗೆ ಸುಮಾರು ಮೂರು ಲಕ್ಷ ಜನರನ್ನು ಸಾಗಿಸಿದರು. ಆದರೆ ಕೊನೆಯ ಗಳಿಗೆಯಲ್ಲಿ ವಾಯು ಮಗ್ಗುಲು ಹೊರಳಿಸಿ, ದಂಡೆಯನ್ನು ಸವರಿಕೊಂಡು ಕಡಲಿಗೇ ಮರಳಿತು. ಕಡೆಗೆ ಬಡಕಲಾಗಿ ಕಛ್‌ನಲ್ಲಿ ಒಂದಿಷ್ಟು ಮಳೆ ಸುರಿಸಿ ಮುಗಿಯಿತು.

ಸುಮ್ಮನೆ ಎಬ್ಬಿಸಿದರೆಂದು ಗೊಣಗಿದವರು ಇದ್ದಾರು. ಅವರಿಗೆ 1998ರ ಜೂನ್ 9 ನೆನಪಿರಬೇಕು. ಅಂದು ಕಾಂಡ್ಲಾ ಬಂದರಿಗೆ ನುಗ್ಗಿದ ಚಂಡಮಾರುತಕ್ಕೆ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಬಹಳ ಮಂದಿ ಉಪ್ಪಿನಾಗರದ ಕೂಲಿಗಳು, ಓಡಲು ದಿಬ್ಬವೂ ಇಲ್ಲದ ಬಯಲಿನಲ್ಲಿ ಇದ್ದವರು. ಚಂಡಮಾರುತದ ನಾಡಿನಲ್ಲಿ ಬದುಕುವುದೆಂದರೆ ಹತ್ತು ಸಲ ಬರಿದೇ ಎದ್ದು ಹೋಗಿ ಬರುವುದು, ಹನ್ನೊಂದನೆಯ ಸಲಕ್ಕೂ ಹೊರಡುವುದು.

ಹೋಗುವಾಗ ವಾಯು ಮುಂಗಾರಿನ ಪಸೆಯನ್ನೂ ಎಳೆದುಕೊಂಡು ಹೋಯಿತು. ಜೂನ್ ತಿಂಗಳಲ್ಲಿ ದೇಶದ ಮಳೆ ವಾಡಿಕೆಗಿಂತ ಮೂರನೆಯ ಒಂದು ಪಾಲು ಕಡಿಮೆಯಾದದ್ದರಲ್ಲಿ ಅದರ ಕೈವಾಡವೂ ಇತ್ತು. ಕಡಲಿನ ಗಾಳಿ ಬಯಲುಸೀಮೆಯ ಬಿತ್ತನೆಯನ್ನೂ ತಡೆದೀತು.

ಸೆಪ್ಟೆಂಬರ್‌ನಲ್ಲಿ ಹಿಕಾ ಬಂತು. ಅದು ಅರಬ್ಬಿ ಸಮುದ್ರವನ್ನು ಅಡ್ಡಲಾಗಿ ದಾಟಿ 24ರಂದು ಒಮಾನ್‌ನ ದುಕ್ಮ್ ಬಳಿ ದಡ ಸೇರಿತು. ಒಮಾನ್ ನಮಗೆ ದೂರದ ದೇಶವಲ್ಲ. ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಗಳ ಒಲೆ ಉರಿಯುವುದು ಅಲ್ಲಿಯ ದುಡಿಮೆಯಿಂದ. 2007ರ ಜೂನ್‌ನಲ್ಲಿ ಗೋನು ಬಂದು ಮಸ್ಕತ್‌ನ ಒಣ ಕಣಿವೆಗಳೆಲ್ಲ ಹೊಳೆಯಾಗಿ ಹರಿದದ್ದನ್ನು ಕಂಡ ಕರಾವಳಿ ಕನ್ನಡಿಗರಿದ್ದಾರೆ. ಮರಳುಗಾಡಿನಲ್ಲಿ ಪ್ರವಾಹ ಎಂಬ ಮಾತು ಅವರಿಗೆ ಒಗಟಲ್ಲ.

ದೀಪಾವಳಿಯ ಹುಲಿ

ಅಕ್ಟೋಬರ್ ಕೊನೆಗೆ ಎದ್ದದ್ದು ಕ್ಯಾರ್. ಬರ್ಮೀ ಭಾಷೆಯಲ್ಲಿ ಹುಲಿ ಎಂದರ್ಥ. ರತ್ನಾಗಿರಿಯ ಪಶ್ಚಿಮಕ್ಕೆ ಹುಟ್ಟಿ, ಎರಡೇ ದಿನದಲ್ಲಿ ಬೆಳೆದು, ಅಕ್ಟೋಬರ್ 27ರ ದೀಪಾವಳಿಯ ದಿನ ಮಹಾ ಚಂಡಮಾರುತವಾಯಿತು. ಗಂಟೆಗೆ 240 ಕಿಲೊಮೀಟರ್ ಗಾಳಿ. ಅರಬ್ಬಿ ಸಮುದ್ರದ ದಾಖಲೆಯಲ್ಲಿ ಗೋನು ಬಿಟ್ಟರೆ ಆ ಪದವಿ ಮುಟ್ಟಿದ್ದು ಇದೊಂದೇ. ನಮ್ಮ ಪುಣ್ಯಕ್ಕೆ ಹುಲಿ ಬೆನ್ನು ತಿರುಗಿಸಿ ಒಮಾನ್ ಕಡೆ ನಡೆದು, ಯಾವ ದಂಡೆಯನ್ನೂ ಮುಟ್ಟದೆ ಕಡಲಿನಲ್ಲೇ ಸೊರಗಿತು.

ಆದರೂ ಅದರ ಉಸಿರು ತಾಗಿತು. ಕೊಯ್ಲಿಗೆ ಬಂದ ಭತ್ತದ ಮೇಲೆ ಮಳೆ ಹುಯ್ದಿತು. ಕಡಲು ಆಷಾಢದ ಅಬ್ಬರದಲ್ಲಿ ಮೊರೆಯಿತು. ಆಗ ನೋಡಬೇಕಾದದ್ದು ಕಾರವಾರವನ್ನು. ಹೊರಗೆ ದ್ವೀಪಗಳ ಕಾವಲು, ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಾಳಿ ನದಿಯ ಅಳಿವೆ ಇರುವ ಕಾರವಾರದ ಕೊಲ್ಲಿ ಪ್ರಕೃತಿಯೇ ಕಟ್ಟಿದ ಬಂದರು. ಬೈತಖೋಲದ ಧಕ್ಕೆಯಿಂದ ಕಣ್ಣು ಹಾಯುವವರೆಗೂ ಬೋಟುಗಳು: ನಮ್ಮವು, ಗೋವಾದವು, ಕೇರಳದವು, ತಮಿಳುನಾಡಿನವು. ಭಾಷೆ ಬೇರೆ, ಬಾವುಟ ಬೇರೆ, ಹೆದರಿಕೆ ಒಂದೇ. ದಕ್ಷಿಣಕ್ಕೆ ಮಲ್ಪೆಯಲ್ಲೂ ಬೋಟಿಗೆ ಬೋಟು ಒತ್ತಿ ನಿಂತಿದ್ದವು.

ಕ್ಯಾರ್ ಇನ್ನೂ ಕಡಲಿನಲ್ಲಿರುವಾಗಲೇ ಅಕ್ಟೋಬರ್ 30ರಂದು ಮಹಾ ಎದ್ದು ಲಕ್ಷದ್ವೀಪದ ಮೇಲೆ ಹಾಯ್ದಿತು. ಅರಬ್ಬಿ ಸಮುದ್ರದಲ್ಲಿ ಒಂದೇ ಹೊತ್ತಿಗೆ ಎರಡು ಚಂಡಮಾರುತ ಸುತ್ತುವುದನ್ನು ಉಪಗ್ರಹಗಳು ಅಲ್ಲಿಯವರೆಗೆ ಕಂಡಿರಲಿಲ್ಲ. ಮಹಾ ವಾಯವ್ಯಕ್ಕೆ ಹೋಗಿ, ಮನಸ್ಸು ಬದಲಿಸಿದಂತೆ ಗುಜರಾತಿನತ್ತ ತಿರುಗಿ, ನವೆಂಬರ್ 7ರ ಹೊತ್ತಿಗೆ ದೀವ್ ಬಳಿ ನಿತ್ರಾಣವಾಯಿತು. ಅದೇ ದಿನ ರಾಜಕೋಟದಲ್ಲಿ ಬಾಂಗ್ಲಾದೇಶದ ಎದುರು ಟಿ-20 ಪಂದ್ಯ ನಡೆದು ರೋಹಿತ್ ಶರ್ಮಾ 85 ರನ್ ಹೊಡೆದರು. ಮರುದಿನ ಹೆಚ್ಚಿನವರ ಬಾಯಲ್ಲಿದ್ದುದು ಆ 85 ಮಾತ್ರ.

ಕ್ಯಾನಿಂಗ್ ಬಂದರಿನ ಕಥೆ

ಪಶ್ಚಿಮದಲ್ಲಿ ಮಹಾ ಅಡಗುತ್ತಿದ್ದಂತೆ ಪೂರ್ವದಲ್ಲಿ ಬುಲ್ಬುಲ್. ನಮ್ಮ ಪಿಕಳಾರ ಹಕ್ಕಿಯ ಹೆಸರಿಟ್ಟುಕೊಂಡ ಈ ಚಂಡಮಾರುತ ನವೆಂಬರ್ 9ರ ರಾತ್ರಿ ಸಾಗರದ್ವೀಪದ ಪೂರ್ವಕ್ಕೆ ಸುಂದರಬನವನ್ನು ಹೊಕ್ಕಿತು. ಗಾಳಿಗೆ ಮೊದಲು ಎದೆಯೊಡ್ಡಿದ್ದು ಕಾಂಡ್ಲಾ ಕಾಡು. ಭಾರತ, ಬಾಂಗ್ಲಾದೇಶ ಎರಡರಲ್ಲೂ ಸಾವುಗಳಾದರೂ ಆ ಕಾಡಿಲ್ಲದಿದ್ದರೆ ಹಾನಿ ಇನ್ನೂ ಹೆಚ್ಚುತ್ತಿತ್ತು. ಇದು ಬರಿಯ ಭಾವುಕ ಮಾತಲ್ಲ. 1999ರಲ್ಲಿ ಒಡಿಶಾದ ಕೇಂದ್ರಾಪಾಡಾ ಜಿಲ್ಲೆಯ ನಾನೂರಕ್ಕೂ ಹೆಚ್ಚು ಹಳ್ಳಿಗಳ ಲೆಕ್ಕ ತೆಗೆದ ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್, ಕಡಲಿಗೂ ಊರಿಗೂ ನಡುವೆ ಕಾಂಡ್ಲಾ ಕಾಡು ಅಗಲವಾಗಿದ್ದ ಕಡೆ ಸಾವು ಕಡಿಮೆಯಾಗಿತ್ತೆಂದು 2009ರಲ್ಲಿ ತೋರಿಸಿಕೊಟ್ಟರು.

ಕಲ್ಕತ್ತೆಯ ಸಿಯಾಲ್ದಾದಿಂದ ಲೋಕಲ್ ರೈಲು ಹತ್ತಿದರೆ ಕ್ಯಾನಿಂಗ್ ಎಂಬ ಊರಿಗೆ ಬರುತ್ತೀರಿ. ಸುಂದರಬನದ ಹೆಬ್ಬಾಗಿಲು ಅದು. ಇಂದು ಮೀನಿನ ಬುಟ್ಟಿ, ತರಕಾರಿ ಮೂಟೆ, ದೋಣಿಗೆ ಓಡುವ ಜನ ತುಂಬಿದ ಸಾಧಾರಣ ಪೇಟೆ. ಹುಗ್ಲಿ ನದಿ ಹೂಳು ತುಂಬುತ್ತಿದೆಯೆಂದು ಬ್ರಿಟಿಷರು ಕಲ್ಕತ್ತೆಗೆ ಬದಲಾಗಿ ಇಲ್ಲೊಂದು ದೊಡ್ಡ ಬಂದರು ಕಟ್ಟಲು ಹೊರಟಿದ್ದರು. ಬೇಡವೆಂದವನು ಅದೇ ಪಿಡಿಂಗ್ಟನ್. 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದು, ಇಲ್ಲಿ ಊರು ಕಟ್ಟಿದರೆ ಒಂದಲ್ಲ ಒಂದು ದಿನ ಚಂಡಮಾರುತದ ಅಲೆ ಅದನ್ನು ಕೊಚ್ಚಿಕೊಂಡು ಹೋದೀತೆಂದು ಎಚ್ಚರಿಸಿದ. ಯಾರೂ ಕೇಳಲಿಲ್ಲ. ಬಂದರು ಕಟ್ಟಿದರು, ರೈಲು ಹಳಿ ಹಾಕಿದರು. 1867ರ ನವೆಂಬರ್‌ನಲ್ಲಿ ಚಂಡಮಾರುತ ಬಂತು, ಬಂದರು ಹಾಳಾಯಿತು. ಪಿಡಿಂಗ್ಟನ್ ಅದನ್ನು ನೋಡಲು ಬದುಕಿರಲಿಲ್ಲ; 1858ರಲ್ಲೇ ತೀರಿಕೊಂಡಿದ್ದ. ಸೈಕ್ಲೋನ್ ಎಂಬ ಪದವನ್ನು ಲೋಕವೆಲ್ಲ ಒಪ್ಪಿಕೊಂಡಿತು. ಆ ಪದ ಕೊಟ್ಟವನ ಎಚ್ಚರಿಕೆಯನ್ನು ಆತ ನೆಲೆಸಿದ್ದ ನಾಡಿನ ಆಳರಸರೇ ಒಪ್ಪಲಿಲ್ಲ.

ಗಾಳಿಯ ಹಿಂದೆ ಮಿಡತೆ

ವರ್ಷದ ಕೊನೆಯದು ಪವನ್. ಡಿಸೆಂಬರ್ ಮೊದಲ ವಾರದಲ್ಲಿ ಅದು ಆಫ್ರಿಕಾದ ಮೂಲೆಗೆ, ಸೊಮಾಲಿಯಾದ ಪುಂಟ್‌ಲ್ಯಾಂಡ್ ಕರಾವಳಿಗೆ ಬಡಿಯಿತು. ವರ್ಷವಿಡೀ ಮಳೆಗೆ ಬಾಯಿಬಿಡುವ ಆ ನೆಲದಲ್ಲಿ ಪ್ರವಾಹ ಬಂತು, ಒದ್ದೆಯಾದ ಮರಳಿನಲ್ಲಿ ಮರುಭೂಮಿ ಮಿಡತೆ ಮೊಟ್ಟೆಯಿಟ್ಟಿತು. 2018ರಲ್ಲಿ ಮೆಕುನು, ಲುಬಾನ್ ಎಂಬೆರಡು ಚಂಡಮಾರುತಗಳು ಅರೇಬಿಯಾದ ನಿರ್ಜನ ಮರುಭೂಮಿಯಲ್ಲಿ ಮಳೆ ಸುರಿಸಿದಾಗಲೇ ಈ ಮಿಡತೆ ಸಂತಾನ ಕದ್ದುಮುಚ್ಚಿ ಬೆಳೆಯಲು ತೊಡಗಿತ್ತು. ಪವನ್ ಅದಕ್ಕೆ ಇನ್ನೊಂದು ತಲೆಮಾರು ಕೊಟ್ಟಿತು. 2020ರಲ್ಲಿ ಕೆನ್ಯಾ ಎಪ್ಪತ್ತು ವರ್ಷಗಳಲ್ಲೇ ಕಾಣದಂಥ ಮಿಡತೆ ದಂಡನ್ನು ಕಂಡಿತು. ಅದೇ ಮೇ ತಿಂಗಳಲ್ಲಿ ಜೈಪುರದ ಮನೆಗಳ ಮೇಲೂ ಮಿಡತೆ ಮೋಡ ಕವಿಯಿತು. ನಮ್ಮ ಬೀದರ್, ವಿಜಯಪುರದ ರೈತರಿಗೂ ಎಚ್ಚರಿಕೆ ಬಂತು.

ಇಷ್ಟೆಲ್ಲ ಒಂದೇ ವರ್ಷದಲ್ಲಿ ಹೇಗಾಯಿತು? ಹಿಂದೂ ಮಹಾಸಾಗರದ ಪಶ್ಚಿಮ ಬದಿ ಬಿಸಿಯಾಗಿ, ಪೂರ್ವದ ಇಂಡೊನೇಷ್ಯಾ ಬದಿ ತಣ್ಣಗಾಗುವ ಒಂದು ಏರಿಳಿತವುಂಟು. ತಕ್ಕಡಿಯ ಎರಡು ತಟ್ಟೆಯಿದ್ದ ಹಾಗೆ. ‘ದ್ವಿಧ್ರುವ’ ಎಂದು ಕರೆಯುವ ಇದನ್ನು 1999ರಲ್ಲಿ, ಒಡಿಶಾ ಮುಳುಗಿದ ಅದೇ ವರ್ಷ, ಗುರುತಿಸಿದ ನಾಲ್ವರು ವಿಜ್ಞಾನಿಗಳಲ್ಲಿ ಬಿ.ಎನ್. ಗೋಸ್ವಾಮಿ ಮತ್ತು ಪಿ.ಎನ್. ವಿನಯಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಂಟಿನವರು. 2019ರಲ್ಲಿ ಈ ತಕ್ಕಡಿ ಪಶ್ಚಿಮದತ್ತ ಬಹಳ ಬಲವಾಗಿ ವಾಲಿತ್ತು. ಪೂರ್ವ ಆಫ್ರಿಕಾದಲ್ಲಿ ನೆರೆ, ಆಸ್ಟ್ರೇಲಿಯಾದಲ್ಲಿ ಕಾಳ್ಗಿಚ್ಚು, ನಡುವೆ ಕುದಿಯುವ ಅರಬ್ಬಿ ಸಮುದ್ರ.

ತಕ್ಕಡಿ ಪ್ರತಿ ವರ್ಷ ಹೀಗೆ ವಾಲುವುದಿಲ್ಲ ಎಂಬುದು ಸಮಾಧಾನ. ಆದರೆ ಅದನ್ನು ತೂಗುಹಾಕಿದ ಕಡಲೇ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆ. ಹಿಂದೆ ತಂಪು ನೀರು, ಅರಬಸ್ತಾನದ ಒಣಗಾಳಿ ಎರಡೂ ಸೇರಿ ನಮ್ಮ ಬದಿಯನ್ನು ಕಾಯುತ್ತಿದ್ದವು. ಆ ಕಾವಲು ಸಡಿಲವಾಗುತ್ತಿದೆ.

ನಮ್ಮ ದಂಡೆಯ ಲೆಕ್ಕ

ಕರ್ನಾಟಕದಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿಗೆಂದು ಮಾಡಿದ ಈ ಕಟ್ಟಳೆ ಮೀನುಗಾರನನ್ನೂ ಕಾಯುತ್ತದೆ. ವಾಯು ಬಂದಾಗ ನಮ್ಮ ದೊಡ್ಡ ಬೋಟುಗಳೆಲ್ಲ ದಡದಲ್ಲಿದ್ದವು. ಆದರೆ ಚಂಡಮಾರುತದ ಎರಡು ಸುಗ್ಗಿಗಳನ್ನು ಈ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿ. ಒಂದು ಏಪ್ರಿಲ್, ಮೇ. ರಜೆಗೆ ಮೊದಲು ಕೊನೆಯ ದುಡಿಮೆಗೆ ಎಲ್ಲರೂ ಕಡಲಿಗಿಳಿದಿರುವ ಕಾಲ. ಇನ್ನೊಂದು ಅಕ್ಟೋಬರ್, ನವೆಂಬರ್. ವರ್ಷದ ಒಳ್ಳೆಯ ಮೀನಿನ ಕಾಲ. ಕಡಲಿನ ಹೊಸ ಸಿಟ್ಟು ಬೀಳುವುದು ಸರಿಯಾಗಿ ನಮ್ಮ ದುಡಿಮೆಯ ತಿಂಗಳುಗಳ ಮೇಲೆ.

ಆಳಸಮುದ್ರದ ಬೋಟು ಹೊರಟರೆ ವಾರ, ಹತ್ತು ದಿನ ದಂಡೆಗೆ ಬರುವುದಿಲ್ಲ. ದಡದಿಂದ ಸ್ವಲ್ಪ ದೂರ ಹೋದ ಮೇಲೆ ಮೊಬೈಲು ಬರಿಯ ಗಡಿಯಾರ. 2017ರ ನವೆಂಬರ್ ಕೊನೆಯಲ್ಲಿ ಓಖಿ ಕನ್ಯಾಕುಮಾರಿಯ ಬಳಿ ದಿಢೀರನೆ ಬಲಿತಾಗ ಆದದ್ದೇ ಇದು. ಎಚ್ಚರಿಕೆ ಬರುವಷ್ಟರಲ್ಲಿ ಬೋಟುಗಳು ಹೊರಟುಹೋಗಿದ್ದವು. ಕೇರಳ, ತಮಿಳುನಾಡುಗಳ ನೂರಾರು ಮೀನುಗಾರರು ಮರಳಲಿಲ್ಲ. ಆ ನೋವಿನಿಂದ ಹುಟ್ಟಿದ ಉಪಕರಣ ‘ಜೆಮಿನಿ’. ಉಪಗ್ರಹದ ಮೂಲಕ ನಡುಗಡಲಿನ ಬೋಟಿಗೂ ಮುನ್ಸೂಚನೆ ತಲುಪಿಸುವ ಇದನ್ನು ಕೇಂದ್ರ ಸರಕಾರ ಬಿಡುಗಡೆ ಮಾಡಿದ್ದು 2019ರ ಅಕ್ಟೋಬರ್‌ನಲ್ಲಿ, ಕ್ಯಾರ್ ಹುಟ್ಟುವ ಎರಡು ವಾರ ಮೊದಲು.

ಪಾಠಕ್ಕೆ ಪರೀಕ್ಷೆ ಬಂದೇ ಬಂತು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ದಂಡೆಗುಂಟ ಸಾಗಿ ಗುಜರಾತಿಗೆ ಬಡಿಯಿತು. ಕರ್ನಾಟಕದ ಮೂರೂ ಕರಾವಳಿ ಜಿಲ್ಲೆಗಳಲ್ಲಿ ಮನೆ, ರಸ್ತೆ, ದೋಣಿಗಳು ಹಾಳಾದವು, ಜೀವಗಳೂ ಹೋದವು. ಮುಂಬೈ ಎದುರಿನ ತೈಲಕ್ಷೇತ್ರದಲ್ಲಿ ಬಾರ್ಜೊಂದು ಮುಳುಗಿ ಹತ್ತಾರು ಕಾರ್ಮಿಕರು ಸತ್ತರು. ಅಲ್ಲೂ ಮುನ್ಸೂಚನೆ ಇತ್ತು.

ನಮ್ಮಲ್ಲಿ ಏನೂ ಆಗುತ್ತಿಲ್ಲವೆಂದಲ್ಲ. ರಾಷ್ಟ್ರೀಯ ಚಂಡಮಾರುತ ಅಪಾಯ ತಗ್ಗಿಸುವ ಯೋಜನೆಯ ಎರಡನೆಯ ಹಂತದಲ್ಲಿ ಕರ್ನಾಟಕವೂ ಸೇರಿ, ಕರಾವಳಿಯಲ್ಲಿ ಆಶ್ರಯಧಾಮಗಳು ಎದ್ದಿವೆ. ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ ಗಿಡಗಳು ಇನ್ನೂ ಬೇರು ಬಿಟ್ಟಿವೆ. ಆದರೆ ಪುರಿಯ ಪೆಂಟಕೋಟದ ಅಜ್ಜಿಗೆ ಸೈರನ್ ಕೂಗಿದರೆ ಯಾವ ಕಟ್ಟಡಕ್ಕೆ ಹೋಗಬೇಕೆಂಬುದು ಗೊತ್ತು. ಮರವಂತೆಯಲ್ಲಿ ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಅಲ್ಲಿಯ ಅಜ್ಜಿಗೆ ಯಾರಾದರೂ ಹೇಳಿದ್ದಾರೆಯೇ? ಉಳ್ಳಾಲದ ಸೋಮೇಶ್ವರದಲ್ಲಿ, ಪ್ರತಿ ಮಳೆಗಾಲ ಕಡಲ್ಕೊರೆತಕ್ಕೆ ಅಂಗಳ ಕಳೆದುಕೊಳ್ಳುವ ಮನೆಯವರಿಗೆ? ಆಶ್ರಯಧಾಮ ಕಟ್ಟಲು ಒಂದು ಯೋಜನೆ ಸಾಕು. ಅದಕ್ಕೆ ನಡೆದುಹೋಗುವ ಅಭ್ಯಾಸವನ್ನು ಊರೇ ಮಾಡಿಕೊಳ್ಳಬೇಕು. ಒಡಿಶಾ ಆ ಅಭ್ಯಾಸವನ್ನು ಹತ್ತು ಸಾವಿರ ಜೀವ ತೆತ್ತು ಕಲಿತಿತು. ಅದೇ ಬೆಲೆಗೆ ನಾವೂ ಕೊಳ್ಳಬೇಕೆಂಬ ನಿಯಮವೇನಿಲ್ಲ.

2020ರ ಮೇ ತಿಂಗಳಲ್ಲಿ ಅಂಫಾನ್ ಬಂದು ಬಂಗಾಳವನ್ನು ಜಾಲಾಡಿ, 64 ಹೆಸರುಗಳ ಹಳೆಯ ಪಟ್ಟಿ ಮುಗಿಯಿತು. ಅಷ್ಟರಲ್ಲಿ ಹೆಸರಿಡುವ ದೇಶಗಳು ಹದಿಮೂರಾಗಿದ್ದವು. 169 ಹೆಸರುಗಳ ಹೊಸ ಪಟ್ಟಿ ಸಿದ್ಧವಾಗಿತ್ತು. ಅದರ ಮೊದಲ ಹೆಸರು ‘ನಿಸರ್ಗ’. ಇಟ್ಟವರು ಬಾಂಗ್ಲಾದೇಶದವರು. ಅದು ಎದ್ದದ್ದು ಮಾತ್ರ ನಮ್ಮ ಪಡುಗಡಲಿನಲ್ಲಿ. ಜೂನ್ 3ರಂದು ಅಲಿಬಾಗದ ಬಳಿ ದಡ ಹತ್ತಿತು.